ಮೋರ್ಯರ ಗುಡ್ಡದಿಂದ ಮೇಜಿನಾಟದ ಸಮಾಧಿ ನಕ್ಷೆಗೆ

ಪಾತ್ರ ವಹಿಸಿ ಆಡುವ ಮೇಜಿನಾಟಗಳಿಗೆ ಪ್ರಾಚೀನ ಸಮಾಧಿಯ ನಕ್ಷೆ ಬರೆಯುವವರು ಈಜಿಪ್ಟನ್ನೇ ನೆನೆಯುವುದು ವಾಡಿಕೆ. ಕೊಪ್ಪಳ ಜಿಲ್ಲೆಯವರಾದ ನಮಗೆ ಗಂಗಾವತಿ ಬಳಿಯ ಹಿರೇಬೆಣಕಲ್ ಇರುವಾಗ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅಲ್ಲಿನ ಮೋರ್ಯರ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ರಚನೆಗಳಿವೆ. ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದ ಕೋಣೆಗಳಲ್ಲಿ ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಕೊರೆಯಲಾಗಿದೆ.

ಇಂಥ ಒಂಟಿ ಕೋಣೆಗಳನ್ನು ಸುರಂಗಗಳಿಂದ ಜೋಡಿಸುವ ಆಸೆ ಬಿಡಿ; ಇಡೀ ಗುಡ್ಡವನ್ನೇ ನಕ್ಷೆಯೆಂದು ಭಾವಿಸಿ, ಚೌಕುಳಿ ಹಾಳೆಯ ಮೇಲೆ ಚೌಕವೊಂದಕ್ಕೆ 5 ಅಡಿಯಂತೆ ಮೊದಲು ಏರುವ ದಾರಿಯನ್ನೂ ಬಂಡೆಗಳ ಇಕ್ಕಟ್ಟನ್ನೂ ನೀರಿನ ಹೊಂಡವನ್ನೂ ಗುರುತಿಸಿ, ಆಮೇಲೆ ಸಮಾಧಿಗಳನ್ನು ಗುಂಪುಗುಂಪಾಗಿ ಇರಿಸಿ. ಕೋಣೆ ಒಂದೆರಡು ಚೌಕ ಮೀರದಿರಲಿ.

ನನ್ನ ಮಟ್ಟಿಗೆ ಕಿಂಡಿಯೇ ಆಟದ ಜೀವಾಳ. ಅದರಲ್ಲಿ ಒಮ್ಮೆಗೆ ಒಬ್ಬರಷ್ಟೇ, ಅದೂ ಕವಚ ಕಳಚಿ ತೆವಳಿ ನುಗ್ಗಬಹುದೆಂದು ನಿಯಮ ಮಾಡಿದರೆ, ಯಾರು ಮುಂದೆ ಹೋಗಬೇಕೆಂಬ ಚರ್ಚೆಯೇ ಒಳಗೆ ಅಡಗಿಸಿಟ್ಟ ಬಲೆಗಿಂತ ಹೆಚ್ಚು ಬಿಸಿಯಾಗುತ್ತದೆ. (ಇಂಥ ಆಟಗಳಲ್ಲಿ ಸಮಾಧಿಯಿಂದ ಎದ್ದು ಬರುವ ಅಸ್ಥಿಪಂಜರಗಳು ಸಾಕಾಗಿಹೋಗಿವೆ.) ಬಡಿದರೆ ದೂರಕ್ಕೆ ಮೊಳಗುವ ಅಲ್ಲಿನ ನಗಾರಿ ಕಲ್ಲನ್ನು ಎಚ್ಚರಿಕೆಯ ಗಂಟೆಯಾಗಿ ಬಳಸಿ.

ಆಟಗಾರರ ಪ್ರತಿಯಲ್ಲಿ ಹೊರಗಿನಿಂದ ಕಾಣುವುದನ್ನಷ್ಟೇ ಬರೆಯಿರಿ. ಒಳಗಿನ ವಿವರ ಆಟ ನಡೆಸುವ ನಿಮ್ಮ ಪ್ರತಿಯಲ್ಲಿರಲಿ.