‘ಎ ಕ್ರಿಸ್‌ಮಸ್ ಕ್ಯಾರಲ್’: ಇಷ್ಟೊಂದು ಚಿತ್ರಗಳಲ್ಲಿ ಯಾವುದನ್ನು ನೋಡಬೇಕು, ಹೇಗೆ ನೋಡಬೇಕು

ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ 1901ರ ಮೂಕಿ ಚಿತ್ರದಿಂದ ಹಿಡಿದು ಇಂದಿನವರೆಗೆ ಮತ್ತೆ ಮತ್ತೆ ತೆರೆಗೆ ಬಂದಿದೆ. ಜಿಪುಣ ವ್ಯಾಪಾರಿ ಸ್ಕ್ರೂಜ್‌ಗೆ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಪ್ರೇತಗಳು ಅವನ ಗತಕಾಲ, ವರ್ತಮಾನ, ಭವಿಷ್ಯಗಳನ್ನು ತೋರಿಸಿ, ಬೆಳಗಾಗುವಷ್ಟರಲ್ಲಿ ಅವನನ್ನು ಬದಲಾಯಿಸುವ ಕಥೆ ಇದು. ಚಿತ್ರ ನೋಡುವ ಮೊದಲು ಪುಸ್ತಕವನ್ನು ಓದಿಬಿಡುವುದು ಒಳ್ಳೆಯದು. ಐದೇ ಅಧ್ಯಾಯಗಳ ಈ ಕಿರುಕಾದಂಬರಿಯನ್ನು ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಓದಿದ ಮೇಲೆ ನಿರ್ದೇಶಕರು ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು ಎಂಬುದು ತಾನಾಗಿಯೇ ಕಾಣತೊಡಗುತ್ತದೆ.

ಚಿತ್ರವನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಸ್ಕ್ರೂಜ್ ಬದಲಾಗುವುದು ಬರೀ ಭಯದಿಂದಲೋ, ತನ್ನನ್ನು ತಾನು ಕಂಡುಕೊಂಡದ್ದರಿಂದಲೋ? ಸರಪಳಿ ಎಳೆದುಕೊಂಡು ಬರುವ, ವ್ಯಾಪಾರದಲ್ಲಿ ಅವನ ಪಾಲುದಾರನಾಗಿದ್ದು ಸತ್ತುಹೋದ ಮಾರ್ಲಿಯ ಪ್ರೇತವನ್ನೂ ಕೊನೆಗೆ ಕಾಣುವ ಸ್ಕ್ರೂಜ್‌ನದೇ ಸಮಾಧಿಯನ್ನೂ ಯಾರು ಬೇಕಾದರೂ ಭಯಾನಕವಾಗಿ ತೋರಿಸಬಲ್ಲರು. ಕಷ್ಟವಿರುವುದು ಗತಕಾಲದ ದೃಶ್ಯಗಳಲ್ಲಿ. ರಜೆಯಲ್ಲೂ ಶಾಲೆಯಲ್ಲೇ ಒಂಟಿಯಾಗಿ ಉಳಿದ ಹುಡುಗ ಸ್ಕ್ರೂಜ್, ಅವನನ್ನು ಮನೆಗೆ ಕರೆದೊಯ್ಯಲು ಓಡಿ ಬರುವ ತಂಗಿ ಫ್ಯಾನ್, ಅವನ ಹಣದ ಮೋಹ ಕಂಡು ದೂರ ಸರಿಯುವ ಪ್ರೇಯಸಿ ಬೆಲ್ - ಇವರನ್ನೆಲ್ಲ ಅವಸರದಲ್ಲಿ ದಾಟಿಬಿಟ್ಟರೆ ಕೊನೆಯ ಬೆಳಗಿನ ಸಂತೋಷವನ್ನು ನಂಬುವುದೇ ಕಷ್ಟವಾಗುತ್ತದೆ. ಹಾಲಿವುಡ್‌ನ ಎಂಜಿಎಂ ಸಂಸ್ಥೆಯ 1938ರ ಚಿತ್ರದಲ್ಲಿ ಬೆಲ್ ಇಲ್ಲವೇ ಇಲ್ಲ. ಅದು ಹಿತವಾದ ಚಿತ್ರವಾದರೂ ಸ್ಕ್ರೂಜ್‌ನ ಒಳಗಿನ ಗಾಯ ಅಲ್ಲಿ ಕಾಣುವುದಿಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು, ಬ್ರಯಾನ್ ಡೆಸ್ಮಂಡ್ ಹರ್ಸ್ಟ್ ನಿರ್ದೇಶಿಸಿ ಅಲಸ್ಟೇರ್ ಸಿಮ್ ನಟಿಸಿದ 1951ರ ಚಿತ್ರ. ಬ್ರಿಟನ್ನಿನಲ್ಲಿ ಅದು ‘ಸ್ಕ್ರೂಜ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಫ್ಯಾನ್ ತನ್ನ ಮಗ ಫ್ರೆಡ್‌ನನ್ನು ಹೆತ್ತು ತೀರಿಕೊಂಡಳು ಎಂದು ಈ ಚಿತ್ರ ಹೇಳುತ್ತದೆ. ಪುಸ್ತಕದಲ್ಲಿ ಹಾಗೆಂದು ಇಲ್ಲ. ಆದರೆ ಈ ಒಂದು ಸೇರ್ಪಡೆಯಿಂದ, ಅಕ್ಕರೆಯಿಂದ ಊಟಕ್ಕೆ ಕರೆಯಲು ಬರುವ ಸೋದರಳಿಯನನ್ನು ಸ್ಕ್ರೂಜ್ ಏಕೆ ಸಹಿಸಲಾರ ಎಂಬುದು ತಟ್ಟನೆ ಅರ್ಥವಾಗುತ್ತದೆ. ಕೊನೆಯಲ್ಲಿ ಫ್ರೆಡ್‌ನ ಮನೆಗೆ ಹೋದ ಸ್ಕ್ರೂಜ್ ಒಳಕೋಣೆಯ ಬಾಗಿಲ ಬಳಿ ಹಿಂಜರಿದು ನಿಂತಾಗ, ಮನೆಗೆಲಸದ ಹುಡುಗಿ ಮಾತಿಲ್ಲದೆ ತಲೆಯಾಡಿಸಿ ಅವನಿಗೆ ಧೈರ್ಯ ತುಂಬುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಅದೇ. ಇದಕ್ಕೆ ಬಣ್ಣ ಹಚ್ಚಿದ ಪ್ರತಿಯೂ ಇದೆ. ಅದನ್ನು ಬಿಟ್ಟು ಕಪ್ಪು-ಬಿಳುಪಿನದನ್ನೇ ಹುಡುಕಿಕೊಳ್ಳಿ, ಏಕೆಂದರೆ ಈ ಚಿತ್ರದ ಭಯವೆಲ್ಲ ಅದರ ನೆರಳುಗಳಲ್ಲಿದೆ.

ಅದಾದ ಮೇಲೆ ಜಾರ್ಜ್ ಸಿ. ಸ್ಕಾಟ್ ನಟಿಸಿದ 1984ರ ಚಿತ್ರವನ್ನು ನೋಡಿದರೆ ಹೋಲಿಕೆ ಸೊಗಸಾಗಿ ಒದಗುತ್ತದೆ. ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಚಿತ್ರೀಕರಿಸಿದ ಇದರ ನಿರ್ದೇಶಕ ಕ್ಲೈವ್ ಡಾನರ್, 1951ರ ಚಿತ್ರಕ್ಕೆ ಸಂಕಲನಕಾರರಾಗಿದ್ದವರು. ಸ್ಕಾಟ್‌ನ ಸ್ಕ್ರೂಜ್ ಕುಗ್ಗಿದ ಮುದುಕನಲ್ಲ, ತಾನು ಮಾಡುವುದೇ ಸರಿ ಎಂದು ನಂಬಿರುವ ಗಟ್ಟಿ ವ್ಯಾಪಾರಿ. ಬಡವರು ಸತ್ತರೆ ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗುತ್ತದೆ ಎಂದು ಆರಂಭದಲ್ಲಿ ಅವನಾಡಿದ ಮಾತನ್ನೇ, ತನ್ನ ಗುಮಾಸ್ತನ ಕಾಯಿಲೆಯ ಮಗ ಟೈನಿ ಟಿಮ್ ಬದುಕುವನೇ ಎಂದು ಅವನು ಕೇಳಿದಾಗ, ವರ್ತಮಾನದ ಕ್ರಿಸ್‌ಮಸ್‌ನ ಪ್ರೇತ ಅವನತ್ತ ತಿರುಗಿಸುತ್ತದೆ. ಯಾವ ರೂಪಾಂತರವನ್ನೇ ನೋಡಿ, ಆ ಘಳಿಗೆಯಲ್ಲಿ ಪ್ರೇತವನ್ನಲ್ಲ, ಸ್ಕ್ರೂಜ್‌ನ ಮುಖವನ್ನು ಗಮನಿಸಿ.

ಮಕ್ಕಳೊಂದಿಗೆ ನೋಡುವುದಾದರೆ 1992ರ ಮಪೆಟ್ ಗೊಂಬೆಗಳ ಚಿತ್ರವನ್ನು ಆರಿಸಿಕೊಳ್ಳಿ. ಸುತ್ತಲೂ ಗೊಂಬೆಗಳಿದ್ದರೂ ಮೈಕೆಲ್ ಕೇನ್ ಸ್ಕ್ರೂಜ್‌ನ ಪಾತ್ರವನ್ನು ಎಳ್ಳಷ್ಟೂ ಹಗುರವಾಗಿ ತೆಗೆದುಕೊಂಡಿಲ್ಲ. ಡಿಕನ್ಸ್‌ನ ವೇಷದಲ್ಲಿ ಗಾನ್ಜೊ ಎಂಬ ಗೊಂಬೆ ಕಥೆ ಹೇಳುವುದರಿಂದ ಮೂಲದ ವಾಕ್ಯಗಳೂ ಸಾಕಷ್ಟು ಕಿವಿಗೆ ಬೀಳುತ್ತವೆ. ಬೆಲ್ ಹಾಡುವ ವಿದಾಯದ ಹಾಡನ್ನು ಚಿತ್ರಮಂದಿರದ ಪ್ರತಿಯಿಂದ ತೆಗೆದಿದ್ದರು. ಅದು ಇರುವ ಪ್ರತಿ ಸಿಕ್ಕರೆ ಅದನ್ನೇ ನೋಡಿ. ತೀರಾ ಪುಟ್ಟ ಮಕ್ಕಳಿಗೆ ಅರ್ಧ ಗಂಟೆಯೊಳಗೆ ಮುಗಿಯುವ 1983ರ ಡಿಸ್ನಿ ಚಿತ್ರ ಸಾಕು. ಆದರೆ ರಿಚರ್ಡ್ ವಿಲಿಯಮ್ಸ್‌ರ 1971ರ ಕಿರು ಅನಿಮೇಷನ್ ಚಿತ್ರವನ್ನು, ಅದು ಆಸ್ಕರ್ ಪಡೆದ ಅಪೂರ್ವ ಕೃತಿಯಾದರೂ, ಮಕ್ಕಳು ಸ್ವಲ್ಪ ದೊಡ್ಡವರಾಗುವವರೆಗೆ ಎತ್ತಿಡಿ. ಅದರ ಪ್ರೇತಗಳು ನಿಜಕ್ಕೂ ಹೆದರಿಸುತ್ತವೆ.

ಬಿಲ್ ಮರ್ರೆ ನಟಿಸಿದ 1988ರ ‘ಸ್ಕ್ರೂಜ್ಡ್’ ಕಥೆಯನ್ನು ನ್ಯೂಯಾರ್ಕಿನ ಟಿ.ವಿ. ಲೋಕಕ್ಕೆ ಒಯ್ಯುತ್ತದೆ, ಗೈ ಪಿಯರ್ಸ್ ನಟಿಸಿದ 2019ರ ಬಿಬಿಸಿ ಕಿರುಸರಣಿ ವಯಸ್ಕರಿಗೆಂದೇ ಅದನ್ನು ಕರಾಳವಾಗಿಸುತ್ತದೆ. ಮೂಲ ಕಥೆ ಚೆನ್ನಾಗಿ ಮನಸ್ಸಿನಲ್ಲಿ ಕೂತ ಮೇಲೆಯೇ ಇವೆರಡನ್ನೂ ಕೈಗೆತ್ತಿಕೊಳ್ಳಿ.