ಮಲಪ್ರಭೆಯ ಗುಂಟ: ಕಣಕುಂಬಿಯಿಂದ ಕೂಡಲಸಂಗಮಕ್ಕೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಅಂತ ಎಲ್ಲರೂ ಹೋಗಿಬರುವ ಸುತ್ತಾಟವನ್ನು ನಾವೂ ಹಿಂದೆ ಮಾಡಿದ್ದೆವು. ಈ ಸಲ ಗುಡಿಗಳ ಪಟ್ಟಿ ಬಿಟ್ಟು ಹೊಳೆಯನ್ನೇ ಹಿಡಿದು ಹೋದೆವು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಗೆ ಸೇರುವುದು ಕೂಡಲಸಂಗಮದಲ್ಲಿ. ಉದ್ದ ಸುಮಾರು 300 ಕಿಲೋಮೀಟರ್. ಕಾರಿನ ದಾರಿ ಇನ್ನೂ ಜಾಸ್ತಿ. ದಂಡೆಗುಂಟ ಒಂದೇ ರಸ್ತೆ ಇಲ್ಲ, ಸೇತುವೆ ಸಿಕ್ಕಲ್ಲಿ ದಾಟಿ, ಸುತ್ತು ಹೊಡೆದು ಮತ್ತೆ ಹೊಳೆಗೆ ಬರಬೇಕು.

ಹೊರಟಿದ್ದು ದೀಪಾವಳಿ ಹೊತ್ತಿಗೆ. ಮಳೆಗಾಲದಲ್ಲಿ ಈ ದಾರಿ ಬೇಡ. ಜಾಂಬೋಟಿ ಹತ್ತಿರದ ಹಬ್ಬನಹಟ್ಟಿಯಲ್ಲಿ ಆಂಜನೇಯನ ಗುಡಿ ಹೊಳೆಯೊಳಗೇ ಇದೆ, ಜೋರು ಮಳೆಗೆ ಮುಳುಗಿಬಿಡುತ್ತದೆ. ಬೇಸಿಗೆಗೆ ಹೋದರೆ ನೀರೇ ಕಾಣುವುದಿಲ್ಲ.

ಕಣಕುಂಬಿ ಚೋರ್ಲಾ ಘಾಟಿನ ದಾರಿಯ ಮೇಲಿದೆ. ಗೋವಾಕ್ಕೆ ಹೋಗುವ ಕಾರುಗಳು ಸುಮ್ನೆ ದಾಟಿ ಹೋಗುತ್ತವೆ. ಮಾವುಲಿ ದೇವಿಯ ಗುಡಿಯ ಹತ್ತಿರದ ತೀರ್ಥವೇ ಹೊಳೆಯ ಹುಟ್ಟು ಅನ್ನುತ್ತಾರೆ. ಸುತ್ತ ಕಾಡು, ಹಂಚಿನ ಮನೆಗಳು, ಕೊಂಕಣಿ-ಮರಾಠಿ ಮಾತು. ಮುಂದೆ ನೂರಾರು ಹಳ್ಳಿಗೆ ನೀರುಣಿಸುವ ಹೊಳೆ ಇಲ್ಲಿ ದನ ಕುಡಿಯುವ ಹಳ್ಳದಷ್ಟೇ ಇದೆ.

ಖಾನಾಪುರ ದಾಟುತ್ತಲೇ ಕಾಡು ಹಿಂದೆ ಸರಿಯುತ್ತದೆ. ಹೆದ್ದಾರಿ ಪಕ್ಕದ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಹೊಳೆಯ ನಡುವೆ ನಿಂತಿದೆ. ಬೆಳಗಾವಿ-ಧಾರವಾಡ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೆವೋ, ಇಳಿದಿರಲಿಲ್ಲ. ಮೇಲ್ದಂಡೆಯಲ್ಲಿ ಗಂಗಾಂಬಿಕೆ, ಇದೇ ಹೊಳೆಯ ಕೊನೆಯಲ್ಲಿ ಬಸವಣ್ಣ. ಎರಡನ್ನೂ ಬೇರೆಬೇರೆ ಸಲ ನೋಡಿದ್ದರೆ ಇದು ತಲೆಗೇ ಹೋಗುತ್ತಿರಲಿಲ್ಲ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡಗಳ ಸಂದಿಗೆ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಅಂತ ಹೆಸರು. ಎಲ್ಲಮ್ಮನ ಗುಡ್ಡಕ್ಕೆ ಹೋಗುವುದಿದ್ದರೆ ಹುಣ್ಣಿಮೆ ತಪ್ಪಿಸಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಂತೂ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆಯನ್ನೇ ನೋಡಬೇಕು ಅನ್ನುವವರ ಮಾತು ಬೇರೆ.

ಇಲ್ಲಿಂದ ಕೆಳಗೆ ಎರೆಮಣ್ಣಿನ ನಾಡು. ಮುನವಳ್ಳಿ, ರಾಮದುರ್ಗದ ಕಡೆಯಿಂದ ಬಾದಾಮಿಗೆ ಬಂದು ಅಲ್ಲೇ ರೂಮು ಮಾಡಿದೆವು. ಬಾದಾಮಿ ಹೊಳೆಯ ದಂಡೆ ಮೇಲಿಲ್ಲ, ಆದರೆ ಉಳಿಯಲು ಅದೇ ಅನುಕೂಲ. ಊಟಕ್ಕೆ ಹೋಟೆಲ್ ಹುಡುಕಲಿಲ್ಲ. ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು. ‘ಇನ್ನೊಂದ್ ರೊಟ್ಟಿ ಹಾಕ್ಕೋರಿ, ಏನ್ ಉಣ್ತೀರಿ ನೀವು’ ಅಂತ ಕೇಳದೆಯೇ ಬಡಿಸಿದರು.

ಪಟ್ಟದಕಲ್ಲಿಗೆ ಬೆಳಗ್ಗೆಯೇ ಹೋಗಬೇಕು. ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕೆ, ಹೊಳೆಯ ಕಡೆಗೆ. ಎಳೆ ಬಿಸಿಲು ಬಿದ್ದಾಗ ಆ ಕೆಂಪುಗಲ್ಲನ್ನು ನೋಡಬೇಕು. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, 8ನೇ ಶತಮಾನ. ಕಟ್ಟಿದ ಗುಂಡ ಎಂಬ ಆಚಾರಿಯ ಹೆಸರೂ ಶಾಸನದಲ್ಲಿದೆ. ಒಳಗಿನ ಕಂಬಗಳ ಮೇಲೆ ಜಟಾಯು ರಾವಣನ ಮೇಲೆ ಬೀಳುತ್ತಿದ್ದಾನೆ, ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ. ಮೊಬೈಲ್ ಟಾರ್ಚ್ ಬೇಡ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ. ನಂದಿಮಂಟಪ ದಾಟಿ ಪೂರ್ವದ ಬಾಗಿಲಿಂದ ಹೊಳೆಯತ್ತ ಹೋಗಿ. ಹೆಚ್ಚಿನವರು ನಂದಿಯ ಜೊತೆ ಫೋಟೋ ತೆಗೆದು ಅಲ್ಲಿಂದಲೇ ವಾಪಸ್. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಚಾಲುಕ್ಯರು ಪಟ್ಟಾಭಿಷೇಕಕ್ಕೆ ಈ ಜಾಗವನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ಜನ ಕೊಡುವ ಕಾರಣ ಅದೇ.

ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಅಜ್ಜನನ್ನು ಮಾತಾಡಿಸಿದೆವು. 2019ರ ಆಗಸ್ಟಿನಲ್ಲಿ ಗುಡಿಗಳ ಸುತ್ತ ಪ್ರವಾಹದ ನೀರು ನಿಂತಿತ್ತಲ್ಲ, ಆ ಮಾತು ಬಂತು. ಅಜ್ಜ ಕೈಯನ್ನು ಎದೆ ಮಟ್ಟಕ್ಕೆ ಹಿಡಿದು, ‘ಇಲ್ಲೀತನಾ ಇತ್ರಿ ನೀರ. ದನಾ ಬಿಟ್ಟಬಿಟ್ವಿ. ಗುಡಿಗೆ ಏನೂ ಆಗಲಿಲ್ಲ, ನಮ್ಮ ಮನಿ ಗ್ವಾಡಿ ಬಿತ್ತು’ ಅಂದರು.

ಐಹೊಳೆಯಲ್ಲಿ ದುರ್ಗದ ಗುಡಿ, ಲಾಡಖಾನ್ ಗುಡಿ ನೋಡಿಯೇ ಬಿಸಿಲು ಏರುತ್ತದೆ. ಆದರೂ ಮೇಗುಟಿ ಗುಡ್ಡ ಹತ್ತಿ. ಮೇಲಿರುವುದು ಜೈನ ಬಸದಿ, ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಇದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಕಥೆ ಅದರಲ್ಲೇ ಇರುವುದು. ಮೇಲಿಂದ ಊರು ಕಾಣುತ್ತದೆ: ಗುಡಿ, ಮನೆ, ಗುಡಿ, ಬಣವೆ, ಮತ್ತೆ ಗುಡಿ. ಯಾವುದು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ.

ಕೂಡಲಸಂಗಮದಲ್ಲಿ ಹೊಳೆ ಅಗಲವಾಗಿದೆ. ಅದು ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ತಳಕ್ಕೆ ಹೋಗಬೇಕು, ಗೋಡೆಯ ಆಚೆ ತಲೆಗಿಂತ ಎತ್ತರಕ್ಕೆ ನೀರು. ಎಂ.ಕೆ. ಹುಬ್ಬಳ್ಳಿಯಲ್ಲಿ ನೋಡಿದ್ದಕ್ಕೆ ಇದು ಜೋಡಿ. ಇನ್ನೊಬ್ಬ ಮಡದಿ ನೀಲಾಂಬಿಕೆಯ ಐಕ್ಯಸ್ಥಳ ತಂಗಡಗಿಯಲ್ಲಿದೆ, ಆದರೆ ಅದು ಕೃಷ್ಣೆಯ ದಂಡೆ. ಅಲ್ಲಿಗೆ ಹೋಗಲಿಲ್ಲ. ದಾಸೋಹದಲ್ಲಿ ಊಟ ಮುಗಿಸಿ, ಹುನಗುಂದದ ಮೇಲೆ ಮನೆ ದಾರಿ ಹಿಡಿದೆವು.