ಆಸ್ತಿಯಲ್ಲಿ 'ಸಮಾನ ಅವಕಾಶ': ಅನುವಾದಕನೊಬ್ಬ ಎಡವಿದ ಪದ

ನಾನು ಮಾಡಿದ ಅನುವಾದದ ತಪ್ಪುಗಳಲ್ಲಿ ಹೆಚ್ಚಿನವನ್ನು ಮರೆತಿದ್ದೇನೆ. ಒಂದನ್ನು ಮಾತ್ರ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೇರಳದ ಮೇರಿ ರಾಯ್ ಪ್ರಕರಣದ ಬಗೆಗಿನ ಮಲಯಾಳ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಇದನ್ನು ಪ್ರಶ್ನಿಸಿ ಹೋದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು; ಮಗಳಿಗೂ ಮಗನಷ್ಟೇ ಪಾಲು ಎಂದಾಯಿತು. ಲೇಖನದಲ್ಲಿ 'ಅವಕಾಶಂ' ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು. ನಾನು ಹಿಂದೆ ಮುಂದೆ ನೋಡದೆ ಬರೆದೆ: "ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಅವಕಾಶವಿದೆ."

ವಾಕ್ಯ ಎಲ್ಲಿಯೂ ತೊಡಕುವುದಿಲ್ಲ. ಅದರ ಅಪಾಯವೂ ಅದೇ. ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ಹಕ್ಕನ್ನು ನ್ಯಾಯಾಲಯದಲ್ಲಿ ನಿಂತು ಕೇಳಬಹುದು. ಅವಕಾಶವಾದರೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದದ್ದನ್ನು ನಾನು ಒಂದೇ ಪದದಲ್ಲಿ ಕಿತ್ತುಕೊಂಡಿದ್ದೆ. ಕರಡು ತಿದ್ದುತ್ತಿದ್ದವರ ಕಣ್ಣನ್ನೂ ಆ ವಾಕ್ಯ ತಪ್ಪಿಸಿಕೊಂಡಿತು. ಅವರು ನಿಂತದ್ದು ಮುಂದಿನ ಪುಟದಲ್ಲಿ. "ಈ ಅವಕಾಶಿಗಳು ಎಂದರೆ ಯಾರು? ಅವಕಾಶವಾದಿಗಳೇ?" ಎಂದು ಕೇಳಿದರು. ಮಲಯಾಳದಲ್ಲಿ ಅವಕಾಶಿ ಎಂದರೆ ವಾರಸುದಾರ.

ಅಂದಿನಿಂದ ಈ ಒಂದು ಪದಕ್ಕೆಂದೇ ಒಂದು ನೋಟ್‌ಪುಸ್ತಕ ಇಟ್ಟೆ. ಮೊದಲು ನಿಘಂಟುಗಳಲ್ಲಿ ಹುಡುಕಿದೆ. ಅಷ್ಟೇನೂ ಪ್ರಯೋಜನವಾಗಲಿಲ್ಲ. ನಿಘಂಟು ಅರ್ಥಗಳನ್ನು ಒಂದರ ಪಕ್ಕ ಒಂದು ಪೇರಿಸುತ್ತದೆ, ಯಾವುದು ಇಂದು ಚಲಾವಣೆಯಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಆಮೇಲೆ ಬೇರೆ ದಾರಿ ಹಿಡಿದೆ: ಪದವನ್ನು ಬಿಟ್ಟು ಅದರ ಸಮಾಸಗಳನ್ನು ಬರೆದುಕೊಳ್ಳತೊಡಗಿದೆ. ಪದ ಯಾರ ಜೊತೆ ಸೇರುತ್ತದೆ ಎಂದು ನೋಡಿದರೆ ಅದರ ಬುದ್ಧಿ ತಿಳಿಯುತ್ತದೆ, ಮನುಷ್ಯರ ಹಾಗೆಯೇ.

ಮಲಯಾಳದ ಪುಟದಲ್ಲಿ ಮೌಲಿಕಾವಕಾಶಂ, ಮನುಷ್ಯಾವಕಾಶಂ, ವಿವರಾವಕಾಶಂ ಬಂದು ಕುಳಿತವು. ಮೂಲಭೂತ ಹಕ್ಕು, ಮಾನವ ಹಕ್ಕು, ಮಾಹಿತಿ ಹಕ್ಕು. ಇನ್ನು ಅನುಮಾನವೆಲ್ಲಿ? ಹಿಂದಿಯ ಪುಟಕ್ಕೆ ಬಂದದ್ದು ಗ್ರೀಷ್ಮಾವಕಾಶ, ಅವಕಾಶಪ್ರಾಪ್ತ. ಮೊದಲನೆಯದು ಬೇಸಿಗೆ ರಜೆ. ಎರಡನೆಯದನ್ನು ಕನ್ನಡಿಗರು ಅವಕಾಶ ಸಿಕ್ಕಿದ ಅದೃಷ್ಟವಂತ ಎಂದುಕೊಂಡಾರು, ಆತ ನಿವೃತ್ತನಾದವನು. ನಮ್ಮ ಅವಕಾಶಕ್ಕೆ ಹಿಂದಿಯವರು 'ಅವಸರ್' ಎನ್ನುತ್ತಾರೆ. ನಮಗೆ ಅವಸರವೆಂದರೆ ಗಡಿಬಿಡಿ. ಆ ಪದಕ್ಕೂ ಒಂದು ನೋಟ್‌ಪುಸ್ತಕ ಬೇಕು, ಸದ್ಯಕ್ಕೆ ಬೇಡ.

ಮರಾಠಿಯಲ್ಲಿ ಅವಕಾಶಯಾನ ಎಂದರೆ ಬಾಹ್ಯಾಕಾಶ ನೌಕೆ. ಅಲ್ಲಿ ಅದೇ ಪದಕ್ಕೆ ಉಳಿದಿರುವ ಸಮಯ ಎಂಬ ಅರ್ಥವೂ ಇರುವುದರಿಂದ 'ಅವಕಾಶಾತ್ ಜಾಯಲಾ ಅಜೂನ್ ಅವಕಾಶ್ ಆಹೇ' ಎಂಬ ವಾಕ್ಯವನ್ನು ನಾನೇ ಕಟ್ಟಿ ಖುಷಿಪಟ್ಟೆ: ಬಾಹ್ಯಾಕಾಶಕ್ಕೆ ಹೋಗಲು ಇನ್ನೂ ಸಮಯವಿದೆ. ಬಂಗಾಳಿಯಲ್ಲಿ ಬಿಡುವು. ತಮಿಳಿನಲ್ಲಿ 'ಕಾಲ ಅವಕಾಸಂ' ಎಂದರೆ ಗಡುವಿಗೆ ಮುನ್ನ ಕೊಡುವ ಸಮಯ, ನಮ್ಮ ಕಾಲಾವಕಾಶದ ಹಾಗೆಯೇ.

ತೆಲುಗು ನಮಗೆ ತೀರಾ ಹತ್ತಿರ, ಆದ್ದರಿಂದಲೇ ಮೋಸ ಹೆಚ್ಚು. ಅಲ್ಲಿಯೂ ಅವಕಾಶವೆಂದರೆ ಅವಕಾಶವೇ, ಜೊತೆಗೆ ಸಾಧ್ಯತೆಯೂ ಹೌದು. 'ಪ್ರಮಾದಂ ಜರಿಗೇ ಅವಕಾಶಂ ಉಂದಿ' ಎಂಬುದು ಎಚ್ಚರಿಕೆ. ಅದನ್ನೇ "ಅಪಘಾತ ನಡೆಯಲು ಅವಕಾಶವಿದೆ" ಎಂದು ಬರೆದರೆ, ಯಾರೋ ಅಪಘಾತಕ್ಕೆಂದು ಅರ್ಜಿ ಹಾಕಿ ಕಾಯುತ್ತಿರುವಂತೆ ಕೇಳುತ್ತದೆ.

ಇಷ್ಟೆಲ್ಲ ಒಂದೇ ಬೇರಿನಿಂದ ಹೇಗೆ ಬಂತು? ಸಂಸ್ಕೃತದ 'ಕಾಶ್' ಧಾತುವಿಗೆ ಹೊಳೆ, ಕಾಣಿಸು ಎಂಬ ಅರ್ಥ. ಪ್ರಕಾಶ, ಆಕಾಶಗಳು ಅದರ ಮಕ್ಕಳೇ. ಅವಕಾಶವೆಂದರೆ ಮೊದಲಿಗೆ ತೆರೆದ ಜಾಗ, ಬಿರುಕು, ನಡುವಿನ ತೆರವು. ಮೊನಿಯರ್ ವಿಲಿಯಮ್ಸ್ ಅವರ 1899ರ ನಿಘಂಟು ಇನ್ನೊಂದು ವಿಚಿತ್ರ ಅರ್ಥವನ್ನೂ ಕೊಡುತ್ತದೆ: ಯಾವುದಾದರೂ ವಸ್ತುವಿನ ಮೇಲೆ ಕಣ್ಣು ನೆಟ್ಟು ಹೇಳಬೇಕಾದ ಮಂತ್ರಗಳ ಹೆಸರು. ಪಾಲಿಯಲ್ಲಿ ಇದೇ ಪದ 'ಓಕಾಸ' ಆಗಿದೆ. ಬೌದ್ಧರು ಭಿಕ್ಷುವಿನ ಮುಂದೆ ಅಪ್ಪಣೆ ಕೇಳುವಾಗ ಅದನ್ನೇ ಹೇಳುತ್ತಾರೆ.

ಜಾಗದ ತೆರವು ಕಾಲದ ತೆರವಾದರೆ ಬಿಡುವು, ರಜೆ. ತೆರವಿನಲ್ಲಿ ನುಗ್ಗಲು ಸಾಧ್ಯವಾದರೆ ನಮ್ಮ ಅವಕಾಶ. ಅದೇ ತೆರವಿನಲ್ಲಿ "ಇದು ನನ್ನ ಜಾಗ" ಎಂದು ನಿಂತರೆ ಮಲಯಾಳದ ಹಕ್ಕು. ಕೊನೆಯದು ನನ್ನ ಊಹೆ, ಆದರೆ ಊಹೆಗೆ ಕನ್ನಡವೇ ಧೈರ್ಯ ಕೊಟ್ಟಿತು. ನಮ್ಮ 'ತೆರಪು' ಇದೇ ಹಾದಿಯನ್ನು ಸಂಸ್ಕೃತದ ಹಂಗಿಲ್ಲದೆ ನಡೆದಿದೆ: ಸಂದು, ಬಿಡುವು, ಅವಕಾಶ, ಮೂರೂ ಅದರ ಅರ್ಥಗಳೇ. 'ಎಡೆ'ಯನ್ನು ನೋಡಿ. ಕುಳಿತುಕೊಳ್ಳಲು ಎಡೆ, ಅನುಮಾನಕ್ಕೆ ಎಡೆ. ಖಾಲಿ ಜಾಗದಿಂದ ಸಾಧ್ಯತೆಗೆ ಹಾರುವುದು ಯಾವ ಭಾಷೆಗೂ ದೊಡ್ಡ ಹಾರಾಟವಲ್ಲ.

ಈಗ ಪಕ್ಕದ ಭಾಷೆಯಲ್ಲಿ ಪರಿಚಿತ ಪದ ಕಂಡರೆ, ಅದೇ ಭಾಷೆಯ ಪತ್ರಿಕೆಯಿಂದ ಮೂರು ಸಮಾಸಗಳನ್ನಾದರೂ ಹೆಕ್ಕಿ ತರುತ್ತೇನೆ. ಅವು ಸಿಗುವವರೆಗೆ ಆ ಪದದ ಜಾಗವನ್ನು ಖಾಲಿ ಬಿಡುತ್ತೇನೆ. ಅಪರಿಚಿತ ಪದಗಳ ಬಗ್ಗೆ ನನಗೆ ಅಷ್ಟು ಭಯವಿಲ್ಲ, ಅವು ತಾವಾಗಿಯೇ ನಿಘಂಟಿನ ಕಡೆಗೆ ಕೈ ಹಿಡಿದು ಕರೆದೊಯ್ಯುತ್ತವೆ.

ಆ ಲೇಖನವನ್ನು ಅಚ್ಚಿಗೆ ಹೋಗುವ ಮುಂಚೆಯೇ ತಿದ್ದಿದೆ. ಅವಕಾಶಂ ಇದ್ದಲ್ಲಿ ಹಕ್ಕು, ಅವಕಾಶಿ ಇದ್ದಲ್ಲಿ ವಾರಸುದಾರ. ಎರಡು ಸಂಸ್ಕೃತ ಪದಗಳನ್ನು ತೆಗೆದ ಜಾಗದಲ್ಲಿ ಕುಳಿತದ್ದು ಅರಬ್ಬಿಯ 'ಹಕ್' ಮತ್ತು 'ವಾರಿಸ್'. ಕರಡು ತಿದ್ದಿದವರಿಗೆ ಈ ಸಲ ಕೇಳಲು ಏನೂ ಉಳಿಯಲಿಲ್ಲ.